ಭಾನುವಾರ ಹೆಕ್ಕುವುದಿಲ್ಲ

ಹಾಸನದ ಬಿ.ಎಂ. ರಸ್ತೆಯ ಕ್ಯೂರಿಂಗ್ ವರ್ಕ್ಸಿನಲ್ಲಿ
ಬೆಲ್ಟಿನ ಎಡಬದಿ ಮೂರನೇ ಸ್ಟೂಲು ಅವಳದು,
ನಾಲ್ಕನೆಯದು ನನ್ನದು.
ಕಪ್ಪು ಬೀಜ, ಒಡಕು ಬೀಜ, ಹುಳ ಕೊರೆದದ್ದು,
ಅವಳ ಬೆರಳಿಗೇ ಕಣ್ಣಿತ್ತು.
ನಾನು ಒಂದು ಹೆಕ್ಕುವಷ್ಟರಲ್ಲಿ ಅವಳು ಐದು,
ತುಟಿಯೊಳಗೆ ಯಾವುದೋ ಕೀರ್ತನೆಯ ಅರ್ಧ ಸಾಲು.
ಉಳಿದರ್ಧವನ್ನು ಬೆಲ್ಟಿನ ಸದ್ದು ನುಂಗುತ್ತಿತ್ತು.

ದೊರ್ಕಮ್ಮ ಅಂದರೆ ದೊರಕಿದವಳು,
ಎಲ್ಲೋ ಬುಟ್ಟಿಯಲ್ಲಿ ಸಿಕ್ಕ ಕೂಸಿರಬೇಕು
ಅಂದುಕೊಂಡಿದ್ದೆ ಎಷ್ಟೋ ದಿನ. ಕೇಳಿಯೂಬಿಟ್ಟೆ.
ಹೊಟ್ಟು ಹಾರುವ ಹಾಗೆ ನಕ್ಕಳು.
"ಜಿಂಕೆ ಅಂತ ಕಣೇ ಅರ್ಥ. ಬೈಬಲ್ಲಲ್ಲಿದೆ."
ಊದಿದ ಮೊಣಕಾಲು ನೀವಿಕೊಳ್ಳುತ್ತ
"ಜಿಂಕೆ!" ಅಂತ ಮತ್ತೊಮ್ಮೆ ನಕ್ಕಳು.

ಚರ್ಚಿನ ಬೋರ್ಡು ಬದಲಾಗಿ ತಲೆಮಾರು ಕಳೆದರೂ
ಅವಳ ಬಾಯಲ್ಲಿ ಅದು ಮೆಥೋಡಿಸ್ಟ್ ದೇವಾಲಯವೇ,
ಅದರ ಬೀಗದ ಕೈ ಅವಳ ಸೊಂಟದಲ್ಲೇ.
ಶನಿವಾರ ಪಾಳಿ ಮುಗಿಸಿ ಹೋಗಿ
ಹಿತ್ತಾಳೆ ಶಿಲುಬೆಗೆ ಹುಣಸೆಹಣ್ಣು ಉಜ್ಜಿ,
ಬೆರಳುದ್ದದ ಗಾಜಿನ ಲೋಟ ನಲವತ್ತೆಂಟು
ಒಂದೊಂದಾಗಿ ತೊಳೆದು ಬಿಳಿಬಟ್ಟೆಯ ಮೇಲೆ ಬೋರಲು.
ಸೋಮವಾರ ಸಂಜೆ ಪೆನ್ಷನ್ ಮೊಹಲ್ಲಾದ ಮನೆಮನೆಗೆ
ಹಿಡಿ ಅಕ್ಕಿಯ ತಗಡಿನ ಡಬ್ಬ,
ಅನ್ನಕ್ಕಿಡುವ ಮುಂಚೆ ತೆಗೆದಿಟ್ಟ ದೇವರ ಪಾಲು.
"ದೊಡ್ಡ ಮನೆಯೋರ ಹಿಡಿ ಸಣ್ಣದು"
ಅಂತ ನನಗೊಬ್ಬಳಿಗೇ ಹೇಳಿದ್ದಳು.

ಆ ಕುಡುಕ ಸ್ಯಾಮುವೇಲನ್ನ ಯಾಕೆ
ಮುಂದಿನ ಬೆಂಚಲ್ಲಿ ಕೂರಿಸ್ತೀಯ? ಅಂದೆ.
"ವಾರಕ್ಕೆ ಆರು ದಿನ ಹೆಕ್ತೀನಿ ಕಣೇ,
ಭಾನುವಾರ ಹೆಕ್ಕಲ್ಲ. ಅದು ಬೇರೆಯವರ ಕೆಲಸ."

ಬಣ್ಣ ನೋಡಿ ಬೀಜ ಬೇರೆ ಮಾಡುವ ಮಿಷನ್ನು
ಲಾರಿಯಿಂದ ಇಳಿಯಿತು ಒಂದು ಮಾರ್ಚಿಯಲ್ಲಿ.
ಮಿಷನ್ನಿನವಳಿಗೆ ಮಿಷನ್ನೇ ಮುಳುವಾಯ್ತು
ಅಂತ ಮೇಸ್ತ್ರಿ ಹಲ್ಲು ಕಿರಿದ.
ನೂರಿಪ್ಪತ್ತು ಹೆಂಗಸರು ಗೇಟಿನ ಹೊರಗೆ ಕೂತೆವು.
ಒಂಬತ್ತನೇ ದಿನ ಯಾರ ಒಲೆಯೂ ಹೊತ್ತಲಿಲ್ಲ.
ಹತ್ತನೇ ದಿನ ತಳ್ಳುಗಾಡಿಯಲ್ಲಿ ಬಂತು
ದೇವರ ಪಾಲು, ಅಷ್ಟೂ ಮೂಟೆ.
ಸೋನಾಮಸೂರಿ, ರೇಷನ್ ಅಕ್ಕಿ, ನುಚ್ಚು
ಕಲೆತದ್ದು, ಯಾರೂ ಹೆಕ್ಕದ್ದು,
ಒಂದೇ ಹಂಡೆಯಲ್ಲಿ ಕುದಿಯಿತು.
ಒಂದು ಬೆಂದರೆ ಇನ್ನೊಂದು ಬೇಯದು.
ಅಂಥ ಗಂಜಿ ನಾನು ಮತ್ತೆ ಉಂಡಿಲ್ಲ.

ಕಮಿಟಿ ಸೇರಿತು, ಅಕ್ಕಿಯ ಲೆಕ್ಕ ಕೇಳಿತು.
ಸೊಂಟದಿಂದ ಬೀಗದ ಕೈ ಬಿಚ್ಚಿ ಮೇಜಿನ ಮೇಲಿಟ್ಟು
"ಲೋಟ ನಲವತ್ತೇಳಿವೆ,
ಒಂದು ನನ್ನ ಕೈಲಿ ಒಡೀತು" ಅಂದಳಂತೆ.
ಅಷ್ಟೇ ತಪ್ಪೊಪ್ಪಿಗೆ.

ನಾವು ಗೆಲ್ಲಲಿಲ್ಲ.
ಹನ್ನೊಂದು ಸಾವಿರ ಎಣಿಸಿ ಕಳಿಸಿದರು.
ಅದರಲ್ಲಿ ಸಾವಿರದ ನೂರು ಕವರಿಗೆ ಹಾಕಿ,
ಮೇಲೆ ದಶಮಾಂಶ ಅಂತ ಬರೆದು,
ಕೀಲಿ ಕಿತ್ತುಕೊಂಡ ಅದೇ ಚರ್ಚಿನ ತಟ್ಟೆಗೆ ಇಟ್ಟಳು.
ನನಗೆ ಉರಿದುಹೋಗಿತ್ತು.
ಈಗಲೂ ಉರಿಯುತ್ತದೆ, ಸ್ವಲ್ಪ.

ಅವಳನ್ನು ಮಣ್ಣಿಗಿಟ್ಟ ದಿನ ಹಾಡು ಪೂರ್ತಿ ಕೇಳಿಸಿತು.
ಅರ್ಧ ಸಾಲಿನ ಆಚೆ ಏನಿತ್ತು ಅಂತ ಆಗ ತಿಳಿಯಿತು,
ಬರೆದುಕೊಳ್ಳಲಿಲ್ಲ, ಮರೆತೆ.

ನಾನು ಆ ಮತದವಳಲ್ಲ.
ಡಬ್ಬ ಹಿಡಿದು ಬರುವವರೂ ಈಗ ಯಾರಿಲ್ಲ.
ಅನ್ನಕ್ಕಿಡುವ ಮುಂಚೆ ಕೈ ಮಾತ್ರ
ಒಂದು ಹಿಡಿ ಬೇರೆ ತೆಗೆದಿಡುತ್ತದೆ.
ತಿಂಗಳ ಕೊನೆಗೆ
ಅದನ್ನೇ ಬೇಯಿಸಿ ಉಣ್ಣುತ್ತೇನೆ.