ಇನ್‌ಲ್ಯಾಂಡ್

ತಾಳಗುಪ್ಪದ ಗಾಡಿ ಒಂದು ಗಂಟೆ ತಡವಂತೆ.
ನನಗೇನು, ನಾನು ಎಲ್ಲಿಗೂ ಹೊರಟವನಲ್ಲ.
ಶಿವಮೊಗ್ಗ ಸ್ಟೇಷನ್ನಿನ ಈ ಬೆಂಚಿಗೆ
ಪುಕ್ಕಟೆ ವೈಫೈ ಚೆನ್ನಾಗಿ ಎಟುಕುತ್ತದೆ, ಅಷ್ಟಕ್ಕೆ ಬಂದೆ.
ಲ್ಯಾಬಿನವರು ಫೋನಿಗೇ ಕಳಿಸಿದ್ದಾರೆ ರಕ್ತದ ವರದಿ;
ಮನೆಯಲ್ಲಿ ತೆರೆದರೆ
ನನ್ನ ಮುಖ ನೋಡಿಯೇ ಓದಿಬಿಡುತ್ತಾಳೆ ಇವಳು.

ಪಕ್ಕದಲ್ಲೊಬ್ಬ ಹುಡುಗಿ, ಮಡಿಲಲ್ಲಿ ಮಂಡಕ್ಕಿ ಪೊಟ್ಟಣ,
ನರ್ಸಿಂಗ್ ಎರಡನೇ ವರ್ಷ, ಹೆಸರು ತಸ್ಕೀನ್.
"ತಾತ, ಈ ವೈಫೈಲಿ ಅದನ್ನೆಲ್ಲ ತೆಗೀಬೇಡಿ.
ಸ್ಟೇಷನ್ ಹೆಸರೇ ಇಟ್ಕೊಂಡು ಯಾವನೋ
ಬ್ಯಾಗೊಳಗೆ ಇನ್ನೊಂದು ಹಚ್ಚಿಟ್ಟಿರ್ತಾನೆ.
ಕೆಲವಕ್ಕೆ ಬೀಗ ಇರುತ್ತೆ, ಕೆಲವಕ್ಕೆ ಇರಲ್ಲ.
ಒಳಗಿನದು ಕಾಣದಿದ್ರೂ
ಯಾವ ಬಾಗಿಲು ತಟ್ಟಿದ್ರಿ ಅಂತ ಗೊತ್ತಾಗುತ್ತೆ."

ನಕ್ಕೆ. ನಗು ಗಂಟಲಲ್ಲೇ ನಿಂತಿತು.
ಆ ಯಾವನೋ ನಾನೇ ಅಲ್ಲವೆ?

ಮೀಟರ್‌ಗೇಜಿನ ಕಾಲ. ಬೀರೂರಿನಿಂದ ತಾಳಗುಪ್ಪಕ್ಕೆ
ರಾತ್ರಿಯಿಡೀ ಅಲ್ಲಾಡುವ ಅಂಚೆ ಡಬ್ಬಿ,
ಅರಗಿನ ವಾಸನೆ, ಮಿಣಿಮಿಣಿ ಬಲ್ಬು,
ಪಾರಿವಾಳದ ಗೂಡಿನಂಥ ಖಾನೆಗಳಿಗೆ
ಊರೂರನ್ನು ಎಸೆಯುತ್ತಿದ್ದೆ: ತರೀಕೆರೆ, ಕುಂಸಿ, ಸಾಗರ.
ಓದಬಾರದೆಂದು ನಿಯಮವಿತ್ತು.
ಕಣ್ಣಿಗೆ ನಿಯಮ ಓದಲು ಬರುತ್ತಿರಲಿಲ್ಲ.
ಅರಿಶಿನ ಸವರಿದ ಮೂಲೆ, ಹರಿದ ಮೂಲೆ,
ಹೆಣ್ಣು ನೋಡಿ ಹೋದವರು ಬೇಡವೆಂದದ್ದು,
ಸೊಸೈಟಿ ಸಾಲ, ಎಮ್ಮೆ ಕರು ಹಾಕಿದ್ದು.
ಹದಿನೈದು ಪೈಸೆಯ ಕಾರ್ಡಿಗೆ
ಸೆರಗೆಲ್ಲಿಂದ ಬರಬೇಕು?

ಆನಂದಪುರದಿಂದ ಒಬ್ಬಾಕೆ, ಅಂಬುಜಾಕ್ಷಿ,
ತರೀಕೆರೆಯ ತಂಗಿಗೆ ಬರೆಯುತ್ತಿದ್ದಳು.
ಉಭಯ ಕುಶಲೋಪರಿ ಎಂದೇ ಶುರು.
ಆಮೇಲೆ ಅಂಚಿನಲ್ಲಿ, ಜಾಗ ಸಾಲದೆ, ಅಡ್ಡಡ್ಡ:
ಎದೆಯಲ್ಲಿ ಹುಣಸೆ ಬೀಜದಷ್ಟು ಗಂಟು.
ಇವರಿಗೆ ಹೇಳಿಲ್ಲ. ನಿನಗೊಬ್ಬಳಿಗೇ.

ನಿನಗೊಬ್ಬಳಿಗೇ.
ಅವಳು, ತಂಗಿ, ನಾನು.

ಮುಂದಿನ ಕಾರ್ಡಿಗೆ ಕಾದೆ. ಬಂತು: ನೆಲ್ಲಿಕಾಯಷ್ಟು.
ಮಣಿಪಾಲಕ್ಕೆ ಕರೆದೊಯ್ಯಿರಿ ಎಂದು
ಪೆನ್ಸಿಲಿನಲ್ಲಿ ಮೂಲೆಗೆ ಬರೆಯಹೊರಟ ಕೈ ತಡೆಯಿತು;
ಬರೆದರೆ, ಓದಿದ್ದು ತಿಳಿಯುತ್ತಿತ್ತು.
ಕಾರ್ಡು ಸರಿಯಾದ ಖಾನೆಗೇ ಬಿತ್ತು.
ಮೂರನೆಯದು ಬರಲಿಲ್ಲ.

"ಅದಕ್ಕೇ ವಿಪಿಎನ್ ಹಾಕ್ಕೋಬೇಕು," ಹುಡುಗಿ ಅನ್ನುತ್ತಿದ್ದಳು,
"ಸುರಂಗ ಇದ್ದಂಗೆ. ಇಲ್ಲಿ ಹೊಕ್ಕರೆ ಆ ತುದಿವರೆಗೂ
ದಾರೀಲಿ ಕೂತೋರಿಗೆ ಏನೂ ಕಾಣಲ್ಲ."
"ಸುರಂಗ ಯಾರದಮ್ಮ?"
ಬಾಯಿಗೆ ಹೊರಟ ಮಂಡಕ್ಕಿ ಅಲ್ಲೇ ನಿಂತಿತು.
"ಕಂಪನಿದು. ಮನಸ್ಸು ಮಾಡಿದ್ರೆ ಅವರು ನೋಡಬಹುದು.
ಪುಕ್ಕಟೆದಂತೂ ಬೇಡವೇ ಬೇಡ.
ಒಬ್ಬರನ್ನಾದ್ರೂ ನಂಬಬೇಕಲ್ವಾ ತಾತ."

ಒಬ್ಬರನ್ನಾದರೂ. ಹೌದು.
ಅವಳೂ ನಂಬಿದ್ದಳು, ಸರ್ಕಾರದ ಅಂಚೆ ಡಬ್ಬಿಯನ್ನು.
ಅದರೊಳಗೆ ನಾನಿದ್ದೆ.

ಹಾಸ್ಟೆಲಿನ ನಾಲ್ವರು ಸೇರಿ ಚಂದಾ ಕಟ್ಟಿದ್ದಾರಂತೆ,
ಐದು ಫೋನಿಗೆ ಆಗುತ್ತದಂತೆ. ಐದನೆಯವ ನಾನು.
ಪರದೆಯ ನೆತ್ತಿಯಲ್ಲಿ ಎಳ್ಳಿನಷ್ಟು ಬೀಗದ ಕೈ ಮೂಡಿತು.
ಫೋನು ನನ್ನ ಕೈಗಿಟ್ಟು
ಹುಡುಗಿ ಮುಖ ಆಚೆ ತಿರುಗಿಸಿ ಕೂತಳು, ಯಾರೂ ಹೇಳದೆಯೇ.
ಆ ಒಂದು ಕೆಲಸ ನನಗೆ ಮೂವತ್ತು ವರ್ಷದಲ್ಲಿ ಬರಲಿಲ್ಲ.

ವರದಿ ಇನ್ನೂ ತೆರೆದಿಲ್ಲ.
ಹಳಿಯ ತಿರುವಿನಲ್ಲಿ ಗಾಡಿಯ ದೀಪ.
ಮೂರನೆಯ ಕಾರ್ಡು ಬಾರದ್ದಕ್ಕೆ
ಇಷ್ಟು ವರ್ಷ ಒಂದೇ ಕಾರಣ ಗೊತ್ತಿತ್ತು ನನಗೆ.
ಈಗ ಇನ್ನೊಂದು ಹೊಳೆಯುತ್ತಿದೆ:
ಅಂಬುಜಾಕ್ಷಿ ಒಂದು ನೀಲಿ ಇನ್‌ಲ್ಯಾಂಡ್ ಕೊಂಡಿರಬೇಕು,
ವಿಳಾಸ ಬೇರೆ ಯಾರ ಕೈಲೋ ಬರೆಸಿ,
ಮೂರು ಮಡಿಕೆ ಮಡಚಿ, ನಾಲಿಗೆಯಿಂದ ಅಂಟು ನೆನೆಸಿ,
ಬೆರಳಿನಿಂದ ಒತ್ತಿ.
ಅದು ನನ್ನ ಕೈಯ ಮೇಲೇ ಹಾದು ಹೋಗಿರಬೇಕು
ತರೀಕೆರೆಗೆ,
ನನಗೆ ಗೊತ್ತೇ ಆಗದಂತೆ.