ಬಹುದು

ಶಿವಡಿ ಆಸ್ಪತ್ರೆಯಿಂದ ಐದು ಮಿಲಿ ರಕ್ತ.
ಸೀಸೆಯ ಮೇಲೆ ಹೆಸರಿಲ್ಲ, ಅಂಕಿ: ನಲವತ್ತೊಂದು.
ಹೆಸರು ನನಗೆ ಗೊತ್ತು, ಸೂಜಿ ಚುಚ್ಚಿದವನು ನಾನೇ.
ಸಾಬವ್ವ. ಧಾರಾವಿಯಲ್ಲಿ
ಶಾಲೆಯ ಚೀಲಗಳಿಗೆ ಜಿಪ್ಪು ಹೊಲಿಯುತ್ತಾಳೆ.

"ಹನ್ನೊಂದ್ ವರ್ಷ ಆತು ಸಕ್ಕರಿ ಗುಳಿಗಿ ನುಂಗಾಕತ್ತು.
ಅದು ಈ ಕೆಮ್ಮಿಗೂ ಹತ್ತತದ ಅಂತಾರಲ್ಲ,
ಖರೇನ ತಮ್ಮಾ?"
ಬಾಯಿಗೆ ಕಟ್ಟಿದ ಸೆರಗಿನ ಹಿಂದಿನಿಂದ ಕೇಳಿದ್ದಳು.

ಪರೇಲಿನ ಲ್ಯಾಬು. ಇದು ಮೂರನೆಯ ರಾತ್ರಿ.
ಅವಳ ಬಿಳಿ ಕಣಗಳು ತಟ್ಟೆಯ ತಳ ಹಿಡಿದು ಕೂತಿವೆ,
ಲೋಕಲ್ಲಿನಲ್ಲಿ ಸೀಟು ಸಿಕ್ಕವರ ಹಾಗೆ.
ರೋಗದ ಕಡ್ಡಿಗಳನ್ನು ನುಂಗಿಬಿಟ್ಟಿವೆ.
ನುಂಗುವುದೇನು ದೊಡ್ಡದು,
ಅರಗಿಸಬೇಕು.
ರಕ್ತಕ್ಕೆ ಸಿಹಿ ಏರಿದರೆ ಅದೇ ಮರೆತು
ಪಗಡಿಯನ್ನೂ ಕೇಳದೆ ಒಳಗೆ ಖೋಲಿ ಕೊಡುತ್ತವೆ,
ಬಂದವನು ಸಂಸಾರ ಹೂಡುತ್ತಾನೆ.

ಸಕ್ಕರೆ ಗುಳಿಗೆ ಕರಗಿಸಿ ಹನಿಸಿದ ಗುಳಿಗಳಲ್ಲಿ
ಕಡ್ಡಿಗಳು ಕಡಿಮೆ.
ಒಂದರಲ್ಲಿ ಇದ್ದಷ್ಟೇ.
ಇನ್ನೊಂದರಲ್ಲಿ, ಮತ್ತೆ ಎಣಿಸಿದೆ, ಹೆಚ್ಚು.
ವರದಿಗೆ ಸರ್ ಹೇಳಿ ಬರೆಸಿದ್ದು:
ನೆರವಾಗಬಹುದು.

ಬಹುದು. ಕ್ರಿಯಾಪದದ ಬಾಲ ಹಿಡಿದು
ಇಡೀ ರಾತ್ರಿ ಕೂತಿದ್ದೇನೆ.
ಅವಳಿಗಿದು ಹಳೆಯ ಪರಿಚಯ:
ನಾಲ್ಕಕ್ಕೆ ನೀರು ಬರಬಹುದು,
ಸೇಠು ಶನಿವಾರ ಕೊಡಬಹುದು.

ಗುರುವಾರ ಮತ್ತೆ ಬಂದಳು. ಹೇಳಿದೆ:
"ಎರಡೂ ಗುಳಿಗಿ ಬಿಡಬ್ಯಾಡ ಅಕ್ಕ.
ಬಾಕಿ ನಮಗ ಇನ್ನೂ ತಿಳೀವಲ್ದು."
ತಲೆಯಾಡಿಸಿದಳು, ಬೇಸರವೇನೂ ಇಲ್ಲ.
"ಯಾವುದು ಹಸದ ಹೊಟ್ಟಿಗೆ,
ಯಾವುದು ಉಂಡ ಮ್ಯಾಲೆ?"
ಬೆರಳು ಮಡಚಿ ಮಡಚಿ
ಬಾಯಿಪಾಠ ಮಾಡುತ್ತ ಮೆಟ್ಟಿಲಿಳಿದಳು.