ರೋಹಿಣಿಗೂ ಮೃಗಶಿರಕ್ಕೂ ನಡುವೆ

ಬಿಸಿಲು ಪೂರಾ ಹೋಗಿಲ್ಲ, ಮಳೆಯ ಸುದ್ದಿಯಿಲ್ಲ.
ಜೋಗಿಮಟ್ಟಿಯ ಗಾಳಿ ಮಾತ್ರ ದಿನಾ ನಾಲ್ಕಕ್ಕೆ,
ಕಚೇರಿ ಬಿಡುವ ಮೊದಲೇ
ಕೋಟೆ ಇಳಿದು ಬಂದು ಸೆರಗು ಜಗ್ಗುತ್ತದೆ.

ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದೆ:
ಕೈಮಗ್ಗದ ಕುರ್ತಾ ಎರಡು, ತೋಳು ಮೊಣಕೈ ದಾಟಲಿ,
ಜೇಬು ಬಸ್ ಚೀಟಿಗಲ್ಲ, ಕೈಗೆ.
ಅರೆಕೋಟು ಒಂದು.
ಚಳ್ಳಕೆರೆ ಕಂಬಳಿ ಈ ಹವೆಗೆ ಜಾಸ್ತಿಯಾಯಿತು;
ಒಳಪದರಕ್ಕೆ ಅಮ್ಮನ ಮೊಳಕಾಲ್ಮೂರು ಸೀರೆ.
ಕತ್ತರಿ ಹಾಕಲು
ಮೂರು ಭಾನುವಾರ ಹಿಡಿಯಿತು.

ಸಂತೆಪೇಟೆಯಲ್ಲಿ ಗುಂಡಿ ಮಾರುವ ಮಾಬುಸಾಬರು
"ಈ ಸೆಕೆಗೆ ಕೋಟಾ, ತಿಪ್ಪಮ್ಮಾರೆ?" ಅಂದರು.
ತೆಗೆಯೋದಕ್ಕೆ ಸಾಬ್ರೆ,
ಹಾಕೋದಕ್ಕಲ್ಲ ಅಂದೆ.
ಅವರು ನಗಲಿಲ್ಲ. ಒಂದು ಗುಂಡಿ ಹೆಚ್ಚಿಗೆ ಕೊಟ್ಟರು.

ನಲವತ್ತೊಂಬತ್ತು ನನಗೆ.
ರಾತ್ರಿ ಎರಡಕ್ಕೆ ಬೆನ್ನು ಕುದಿಯುತ್ತದೆ,
ಎರಡೂವರೆಗೆ ಪಾದ ಥಂಡಿ.
ಈ ಮಳೆಗೆ ಪಂಚಾಂಗದಲ್ಲಿ ಹೆಸರಿಲ್ಲ.

ಪಕ್ಕೆಯಲ್ಲಿ ಎರಡು ಬೆರಳು ಬಟ್ಟೆ ಒಳಗೇ ಬಿಟ್ಟೆ,
ಬಿಚ್ಚುವ ಹಾಗೆ, ಸಡಿಲ ಹೊಲಿಗೆ.
ಬಲತೋಳು ಮುಗಿಯುವಾಗ ಕರೆಂಟು ಹೋಯಿತು.
ಕಿಟಕಿ ತೆಗೆದೆ.
ಗಾಳಿ ಒಳಬಂದು
ಆ ಖಾಲಿ ತೋಳಿನಲ್ಲಿ ಕೈ ತೂರಿಸಿ ನೋಡಿತು.